ದೃಶ್ಯಸಂಕಲನದಲ್ಲಿ ಕಡತಗಳ ಆಮದು ಮತ್ತು ವಿಂಗಡಣೆ

ದೃಶ್ಯಸಂಕಲನದಲ್ಲಿ ಕಡತಗಳ ಆಮದು ಮತ್ತು ವಿಂಗಡಣೆ : ಕ್ಯಾಮರಾ, ಧ್ವನಿಮುದ್ರಣ ಯಂತ್ರ, ಮೊಬೈಲು, ಹಳೆಯ ಕ್ಯಾಸೆಟ್ಟು ಮೊದಲಾದ ನಾನಾ ಮೂಲಗಳಿಂದ ಬಂದ ದೃಶ್ಯ ಮತ್ತು ಶಬ್ದದ ಕಡತಗಳನ್ನು ಗಣಕಯಂತ್ರದ ಸಂಕಲನ ತಂತ್ರಾಂಶಕ್ಕೆ ಬರಮಾಡಿಕೊಂಡು, ಅವುಗಳಿಗೆ ಹೆಸರಿಟ್ಟು, ವರ್ಗೀಕರಿಸಿ, ಮೊದಲ ಕತ್ತರಿಯನ್ನು ಆಡಿಸುವುದಕ್ಕೆ ಪೂರ್ವದಲ್ಲಿಯೇ ಒಂದು ಕ್ರಮಕ್ಕೆ ತರುವ ಕಾರ್ಯ. ವೃತ್ತಿಯಲ್ಲಿರುವವರು ಇದರಲ್ಲಿ ಕಡತಗಳನ್ನು ಡಿಸ್ಕಿಗೆ ನಕಲು ಮಾಡುವ ಮೊದಲ ಭಾಗವನ್ನು 'ಕಾರ್ಡ್ ಖಾಲಿ ಮಾಡುವುದು' ಎಂದೂ ತಂತ್ರಾಂಶಕ್ಕೆ ತರುವ ಎರಡನೆಯದನ್ನು 'ಇಂಪೋರ್ಟ್' ಎಂದೂ ವಿಂಗಡಿಸುವ ಮೂರನೆಯದನ್ನು 'ಬಿನ್ ಮಾಡುವುದು' ಎಂದೂ ವ್ಯವಹರಿಸುತ್ತಾರೆ. ಪ್ರೇಕ್ಷಕನ ಕಣ್ಣಿಗೆ ಇದಾವುದೂ ಬೀಳುವುದಿಲ್ಲ. ಆದರೂ ಚಿತ್ರೀಕರಿಸಿದ್ದು ಉಳಿಯುವುದೂ ಅಳಿಯುವುದೂ, ಬೇಕಾದಾಗ ಕೈಗೆ ಸಿಕ್ಕುವುದೂ ಸಿಕ್ಕದಿರುವುದೂ ಬಹುಮಟ್ಟಿಗೆ ಈ ಘಟ್ಟದಲ್ಲಿಯೇ ನಿರ್ಣಯವಾಗಿಬಿಡುತ್ತದೆ.

ವಿಷಯವನ್ನು ಇಲ್ಲಿ ಉಡುಪಿ ಜಿಲ್ಲೆಯ ಉತ್ತರಾರ್ಧದ, ಅಂದರೆ ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲ್ಲೂಕುಗಳ ಕರಾವಳಿಯನ್ನು ನಿದರ್ಶನವಾಗಿಟ್ಟುಕೊಂಡು ವಿವರಿಸಿದೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕೂಡಿ ಪಂಚಗಂಗಾವಳಿಯಾಗಿ ಕಡಲನ್ನು ಸೇರುವ ಅಳಿವೆಯ ಉತ್ತರಕ್ಕೆ ಗಂಗೊಳ್ಳಿಯೂ ದಕ್ಷಿಣಕ್ಕೆ ದೀಪಸ್ತಂಭವುಳ್ಳ ಕೋಡಿಯೂ ಇವೆ. ಇನ್ನೂ ದಕ್ಷಿಣಕ್ಕೆ ಹೋದರೆ ಸೀತಾ ಮತ್ತು ಸ್ವರ್ಣಾ ನದಿಗಳ ಸಂಗಮದ ಬಳಿ ಕೋಡಿಬೆಂಗ್ರೆ. ಈ ಸೀಮೆಯಲ್ಲಿ ಸುಗ್ಗಿಗೆ ಮುಂಚಿನಿಂದ ಮಳೆಗಾಲದ ಬಾಗಿಲಿನವರೆಗೆ ಚಿತ್ರೀಕರಣಕ್ಕೆ ಬಿಡುವೆಂಬುದಿಲ್ಲ. ಮಂದಾರ್ತಿ, ಮಾರಣಕಟ್ಟೆ, ಸೌಕೂರು, ಸಾಲಿಗ್ರಾಮ, ಪೆರ್ಡೂರು ಮುಂತಾದ ಯಕ್ಷಗಾನ ಮೇಳಗಳ ಆಟ, ಹರಕೆಯ ಬಯಲಾಟ, ಕೋಲ, ನಾಗಮಂಡಲ, ವಂಡಾರಿನ ಕಂಬಳ, ಕೋಟೇಶ್ವರದ ಕೊಡಿ ಹಬ್ಬ, ಇವುಗಳ ನಡುನಡುವೆ ಮದುವೆ, ಮೆಹಂದಿ, ಗೃಹಪ್ರವೇಶ. ಇವುಗಳಲ್ಲಿ ಯಕ್ಷಗಾನದ ದಾಖಲೆಯೇ ಪ್ರಕೃತ ವಿಷಯಕ್ಕೆ ಅತ್ಯಂತ ಉಪಯುಕ್ತವಾದ ಉದಾಹರಣೆ. ಏಕೆಂದರೆ ಯಕ್ಷಗಾನದಲ್ಲಿ ಪದ್ಯ ಮಾತ್ರ ಲಿಖಿತವಾದುದು, ಅರ್ಥವೆಲ್ಲವೂ ಆಶು. ಒಂದು ರಾತ್ರಿ ಆಡಿದ ಮಾತು ಮರುರಾತ್ರಿ ಅದೇ ವೇಷಧಾರಿಯ ಬಾಯಲ್ಲಿಯೂ ಅಂತೆಯೇ ಬರುವುದಿಲ್ಲ. ಆದಕಾರಣ ಆ ರಾತ್ರಿಯ ವಾಗ್ವೈಭವಕ್ಕೆ ಮುದ್ರಿತವಾದ ಕಡತದ ಹೊರತು ಬೇರೆ ಪಾಠವೇ ಇಲ್ಲ, ಆ ಕಡತ ಹೋದರೆ ಆ ರಾತ್ರಿ ಹೋಯಿತು.

ಕಥಾಚಿತ್ರದ ಸ್ಥಿತಿ ಹೀಗಲ್ಲ. ಅಲ್ಲಿ ಚಿತ್ರಕಥೆಯಿದೆ, ದೃಶ್ಯಕ್ಕೆ ಸಂಖ್ಯೆಯಿದೆ, ಪ್ರತಿ ಚಿತ್ರಿಕೆಗೂ ಮುಂಚೆ ಹಲಗೆಯ ಮೇಲೆ ದೃಶ್ಯ, ಶಾಟ್, ಟೇಕ್‌ಗಳ ಅಂಕಿಗಳನ್ನು ಬರೆದು ಕ್ಲಾಪ್ ಹೊಡೆಯುವ ಸಹಾಯಕನಿದ್ದಾನೆ. ಸಂಜೆ ಕಾರ್ಡುಗಳನ್ನು ತೆಗೆದುಕೊಂಡು ನಕಲು ಮಾಡುವುದಕ್ಕೆಂದೇ ಬೇರೊಬ್ಬನಿದ್ದಾನೆ. ಈ ಸೀಮೆಗೆ ಅಂತಹ ಚಿತ್ರಗಳೂ ಅಪರಿಚಿತವಲ್ಲ. ರವಿ ಬಸ್ರೂರರು ಕುಂದಾಪುರ ಕನ್ನಡದಲ್ಲಿ 'ಗರ್ಗರ್ ಮಂಡ್ಲ'ವನ್ನು 2014ರಲ್ಲಿಯೂ, ಯಕ್ಷಗಾನವನ್ನೇ ಆಧರಿಸಿ 'ವೀರ ಚಂದ್ರಹಾಸ'ವನ್ನು 2025ರಲ್ಲಿಯೂ ತೆರೆಗೆ ತಂದರು. 2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ 'ಕಾಂತಾರ' ಅದರ ನಿರ್ದೇಶಕ ರಿಷಬ್ ಶೆಟ್ಟರ ಹುಟ್ಟೂರಾದ ಕೆರಾಡಿಯಲ್ಲಿ ಚಿತ್ರಿತವಾಯಿತು. ಆದರೆ ಆಟವನ್ನೋ ಕೋಲವನ್ನೋ ಚಿತ್ರೀಕರಿಸುವಲ್ಲಿ ಹಲಗೆಯೂ ಇಲ್ಲ, ಟೇಕೂ ಇಲ್ಲ. ಚಿತ್ರೀಕರಿಸಿದವನೇ ಕಾರ್ಡು ಖಾಲಿ ಮಾಡುವವನೂ ಸಂಕಲಿಸುವವನೂ ಆಗಿರುತ್ತಾನೆ. ಕ್ರಮವನ್ನು ಆತನು ತಾನಾಗಿ ತರಬೇಕಲ್ಲದೆ ಹೊರಗಿನಿಂದ ಅದು ಬರಲಾರದು.

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರ ಸುಮಾರಿಗೆ 'ಡೊಮಿಂಗೊ', 'ಭೂತರಾಜ್ಯ'ಗಳೆಂಬ ಮೂಕಿಚಿತ್ರಗಳನ್ನು ತಯಾರಿಸಿದಾಗ ಸಂಕಲನವೆಂಬುದು ಕೈಯಿಂದ ಮುಟ್ಟುವ ಕೆಲಸವಾಗಿದ್ದಿತು. ಕತ್ತರಿಸಿದ ಸುರುಳಿಯ ತುಂಡುಗಳನ್ನು ಕೊಕ್ಕೆಗಳಿಗೆ ಸಿಕ್ಕಿಸಿ ಬಟ್ಟೆಯ ತೊಟ್ಟಿಯೊಳಗೆ ಇಳಿಬಿಡುವುದು ಚಿತ್ರೋದ್ಯಮದ ಪದ್ಧತಿಯಾಗಿತ್ತು. ಇಂದಿನ ತಂತ್ರಾಂಶಗಳಲ್ಲಿ ಕಡತಗಳ ಗುಂಪಿಗೆ 'ಬಿನ್' ಎಂಬ ಹೆಸರು ಬಂದಿರುವುದು ಆ ತೊಟ್ಟಿಯಿಂದಲೇ. ಮುಂದೆ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಕು.ಶಿ. ಹರಿದಾಸ ಭಟ್ಟರ ನೇತೃತ್ವದಲ್ಲಿ ಕರಾವಳಿಯ ಆರಾಧನಾ ರಂಗಭೂಮಿಯನ್ನು ವಿಡಿಯೊ ಪಟ್ಟಿಗಳಲ್ಲಿ ಸಂಗ್ರಹಿಸುವ ಕಾರ್ಯವನ್ನು ಕೈಗೊಂಡಿತು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರೂ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದ ನಮ್ಮವರೂ ಸೇರಿ ಮಾಚಾರು ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಮಹಾಕಾವ್ಯವನ್ನು ಶಬ್ದ ಮತ್ತು ದೃಶ್ಯ ಎರಡರಲ್ಲಿಯೂ ದಾಖಲಿಸಿದರು. 15,683 ಸಾಲುಗಳ ಆ ಪಾಠ ಹೆಲ್ಸಿಂಕಿಯಲ್ಲಿ ಅಚ್ಚಾಗಿ ಹೊರಬಂದದ್ದು 1998ರಲ್ಲಿ. ದಾಖಲೆಗೂ ಪ್ರಕಟಣೆಗೂ ನಡುವಿನ ಅಷ್ಟು ವರ್ಷ ಪಟ್ಟಿಗಳು ಯಾವುದು ಯಾವುದೆಂದು ತಿಳಿಯುವಂತೆ ಉಳಿದಿದ್ದುದರಿಂದಲೇ ಲಿಪ್ಯಂತರವೂ ಅನುವಾದವೂ ಸಾಧ್ಯವಾದುವು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಗಣಕಯಂತ್ರದ ಸಂಕಲನದ ಹರಡುವಿಕೆಗೆ 1989ರಲ್ಲಿ ಆವಿಡ್ ಸಂಸ್ಥೆಯ ಮೀಡಿಯ ಕಂಪೋಸರ್ ನಾಂದಿ ಹಾಡಿತು. 1991ರಲ್ಲಿ ಅಡೋಬಿಯ ಪ್ರೀಮಿಯರ್, 1999ರಲ್ಲಿ ಆಪಲ್‌ನ ಫೈನಲ್ ಕಟ್ ಪ್ರೋ ಬಂದುವು. ಬಣ್ಣ ತಿದ್ದುವ ಯಂತ್ರವಾಗಿ ಹುಟ್ಟಿದ ಡಾವಿಂಚಿ ರಿಸಾಲ್ವ್ ತರುವಾಯ ಪೂರ್ಣ ಸಂಕಲನ ತಂತ್ರಾಂಶವಾಗಿ, ಉಚಿತ ಆವೃತ್ತಿಯಲ್ಲಿಯೂ ದೊರೆಯುವಂತಾಯಿತು. ಕೆಡೆನ್‌ಲೈವ್, ಶಾಟ್‌ಕಟ್ ಮುಂತಾದ ಮುಕ್ತ ತಂತ್ರಾಂಶಗಳೂ ಉಂಟು. ಇವುಗಳೆಲ್ಲಕ್ಕೂ ಸಮಾನವಾದ ಒಂದು ತತ್ತ್ವವನ್ನು ಮೊದಲು ಗ್ರಹಿಸತಕ್ಕದ್ದು: ಇಂಪೋರ್ಟ್ ಮಾಡಿದ ಮಾತ್ರಕ್ಕೆ ಸಾಮಾನ್ಯವಾಗಿ ಕಡತವು ಪ್ರಾಜೆಕ್ಟಿನೊಳಕ್ಕೆ ಬರುವುದಿಲ್ಲ. ಗ್ರಂಥಾಲಯದ ಸೂಚೀಪತ್ರದಲ್ಲಿ ಪುಸ್ತಕವಿರದೆ ಪುಸ್ತಕವಿರುವ ಕಪಾಟಿನ ಗುರುತು ಮಾತ್ರ ಇರುವಂತೆ, ಪ್ರಾಜೆಕ್ಟಿನಲ್ಲಿರುವುದು ಕಡತದ ವಿಳಾಸವಷ್ಟೆ. ಕಡತವನ್ನು ಬೇರೆ ಫೋಲ್ಡರಿಗೆ ಸರಿಸಿದರೆ, ಹೆಸರು ಬದಲಿಸಿದರೆ, ಹಾರ್ಡ್ ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಹಾಕಿದಾಗ ಅದರ ಅಕ್ಷರಸೂಚಿ (ಡ್ರೈವ್ ಲೆಟರ್) ಬದಲಾದರೆ, ವಿಳಾಸ ತಪ್ಪಿ ಪರದೆಯ ಮೇಲೆ 'ಮೀಡಿಯ ಆಫ್‌ಲೈನ್' ಎಂಬ ಬರಹ ಮೂಡುತ್ತದೆ. ಮದುವೆಯ ಪ್ರಾಜೆಕ್ಟಿನ ಕಡತವೊಂದನ್ನೇ ಪೆನ್ ಡ್ರೈವಿಗೆ ಹಾಕಿ ಕುಂದಾಪುರದಿಂದ ಬೆಂಗಳೂರಿಗೆ ಕಳುಹಿಸಿ, ಅಲ್ಲಿ ತೆರೆದಾಗ ಏನೂ ಕಾಣದೆ ಗಾಬರಿಯಾಗುವವರು ಇಂದಿಗೂ ಇದ್ದಾರೆ; ಅವರು ಕಳುಹಿಸಿದ್ದು ವಿಳಾಸಗಳ ಪಟ್ಟಿಯನ್ನು.

ಈ ತತ್ತ್ವವನ್ನು ಒಂದೊಂದು ತಂತ್ರಾಂಶವೂ ತನ್ನ ರೀತಿಯಲ್ಲಿ ಪಾಲಿಸುತ್ತದೆ. ಪ್ರೀಮಿಯರ್ ಕಡತವನ್ನು ಇದ್ದಲ್ಲಿಯೇ ಬಿಟ್ಟು ವಿಳಾಸ ಬರೆದುಕೊಳ್ಳುತ್ತದೆ, ಆದರೆ ತನ್ನ ಅನುಕೂಲಕ್ಕಾಗಿ ತಯಾರಿಸಿಕೊಳ್ಳುವ ತಾತ್ಕಾಲಿಕ ಕಡತಗಳನ್ನು ಬೇರೆಡೆ ರಾಶಿ ಹಾಕುತ್ತದೆ. 2011ರ ತರುವಾಯದ ಫೈನಲ್ ಕಟ್ ಪ್ರೋ ಕಡತಗಳನ್ನು ತನ್ನ ಲೈಬ್ರರಿಯೊಳಕ್ಕೆ ನಕಲು ಮಾಡಿಕೊಳ್ಳಲೋ ಇದ್ದಲ್ಲಿಯೇ ಬಿಡಲೋ ಎಂದು ಕೇಳುತ್ತದೆ. ಮೊದಲನೆಯದನ್ನು ಒಪ್ಪಿದರೆ ಡಿಸ್ಕಿನ ಜಾಗ ಇಮ್ಮಡಿ ಖರ್ಚಾಗುವುದನ್ನು ನೆನಪಿಡಬೇಕು. ಆವಿಡ್ ಮೂಲಕಡತವನ್ನು ತನ್ನ ಸ್ವಂತ ರೂಪಕ್ಕೆ ಪರಿವರ್ತಿಸಿ, ಕೈಯಿಂದ ಮುಟ್ಟಬಾರದ ಒಂದು ನಿಯತ ಫೋಲ್ಡರಿನಲ್ಲಿ ಇರಿಸಿಕೊಳ್ಳುವ ಹಳೆಯ ಸಂಪ್ರದಾಯವನ್ನು ಇಂದಿಗೂ ಉಳಿಸಿಕೊಂಡಿದೆ. ರಿಸಾಲ್ವ್‌ನಲ್ಲಿ ಪ್ರಾಜೆಕ್ಟೇ ಒಂದು ದತ್ತಸಂಚಯದೊಳಗೆ ಅಡಗಿರುವುದರಿಂದ, ಕೆಲಸ ಮುಗಿದ ಮೇಲೆ ಅದನ್ನು ಹೊರಕ್ಕೆ ರಫ್ತು ಮಾಡಿ ದೃಶ್ಯಕಡತಗಳ ಪಕ್ಕದಲ್ಲಿ ಇರಿಸುವುದು ಅತ್ಯಾವಶ್ಯಕ. ಇಲ್ಲವಾದರೆ ಯಂತ್ರ ಕೆಟ್ಟ ದಿನ ದೃಶ್ಯಗಳೆಲ್ಲ ಉಳಿದು ಸಂಕಲನ ಮಾತ್ರ ನಾಶವಾಗುತ್ತದೆ.

ಇನ್ನು ಪ್ರಮಾಣದ ವಿಚಾರ. ವಿ.ಎಚ್.ಎಸ್. ಕಾಲದಲ್ಲಿ ಇ-180 ಕ್ಯಾಸೆಟ್ಟು ಮೂರು ಗಂಟೆ ಓಡುತ್ತಿದ್ದುದರಿಂದ ಇಡೀ ರಾತ್ರಿಯ ಆಟಕ್ಕೆ ಮೂರು ಕ್ಯಾಸೆಟ್ಟು ಸಾಕಾಗುತ್ತಿತ್ತು. 1995ರಲ್ಲಿ ಹುಟ್ಟಿದ ಮಿನಿ ಡಿ.ವಿ. ಕ್ಯಾಸೆಟ್ಟು ಒಂದು ಗಂಟೆಯದು. ಗಣಕಕ್ಕೆ ಇಳಿಸಿದರೆ ಗಂಟೆಗೆ ಸುಮಾರು 13 ಗಿಗಾಬೈಟು. ಈಗಿನ ಕ್ಯಾಮರಾ 4ಕೆ ದೃಶ್ಯವನ್ನು ಸೆಕೆಂಡಿಗೆ 100 ಮೆಗಾಬಿಟ್ಟಿನ ದರದಲ್ಲಿ ಬರೆಯುತ್ತದೆಂದಿಟ್ಟುಕೊಂಡರೆ ಗಂಟೆಗೆ 45 ಗಿಗಾಬೈಟು, ಎಂಟು ಗಂಟೆಯ ಆಟಕ್ಕೆ 360 ಗಿಗಾಬೈಟು; ರಂಗಸ್ಥಳದ ಎದುರಿಗೊಂದು, ಹಿಮ್ಮೇಳಕ್ಕೊಂದು, ಪಕ್ಕದಲ್ಲೊಂದು ಎಂದು ಮೂರು ಕ್ಯಾಮರಾ ಇಟ್ಟರೆ 1,080 ಗಿಗಾಬೈಟು. ಸೆಕೆಂಡಿಗೆ 100 ಮೆಗಾಬೈಟಿನ ವೇಗದಲ್ಲಿ ಇಷ್ಟನ್ನು ಒಂದು ಡಿಸ್ಕಿಗೆ ನಕಲು ಮಾಡುವುದಕ್ಕೆ ಮೂರು ಗಂಟೆ ಹಿಡಿಯುತ್ತದೆ, ಎರಡನೆಯ ಡಿಸ್ಕಿಗೆ ಇನ್ನೂ ಮೂರು. ಬೆಳಗಾಗುವವರೆಗೆ ನಿದ್ದೆಗೆಟ್ಟ ಮನುಷ್ಯ, ಸಂಜೆ ಇನ್ನೊಂದು ಕಾರ್ಯಕ್ರಮಕ್ಕೆ ಅದೇ ಕಾರ್ಡುಗಳನ್ನು ಒಯ್ಯಬೇಕಾದವನು, ಈ ಆರು ಗಂಟೆಗಳಲ್ಲಿ ಅವಸರಪಡುವುದು ಸಹಜ. ಅನರ್ಥಗಳಲ್ಲಿ ಬಹುಪಾಲು ಸಂಭವಿಸುವುದು ಆ ಅವಸರದಲ್ಲಿಯೇ.

ಆದುದರಿಂದ ಕಾರ್ಡು ಖಾಲಿ ಮಾಡುವ ಕಾರ್ಯಕ್ಕೆ ಕೆಲವು ನಿಯಮಗಳು ಸರ್ವತ್ರ ಮಾನ್ಯವಾಗಿವೆ. ಕಾರ್ಡಿನಿಂದ ನೇರವಾಗಿ ತಂತ್ರಾಂಶಕ್ಕೆ ಎಳೆಯಕೂಡದು. ಕಾರ್ಡು ಹೊರತೆಗೆದ ಕ್ಷಣದಲ್ಲಿ ವಿಳಾಸವೆಲ್ಲ ಶೂನ್ಯವಾಗುತ್ತದೆ. ದೃಶ್ಯಕಡತಗಳನ್ನು ಮಾತ್ರ ಆರಿಸಿ ತೆಗೆಯದೆ, ಕಾರ್ಡಿನಲ್ಲಿರುವ ಫೋಲ್ಡರುಗಳ ಸಮಗ್ರ ರಚನೆಯನ್ನು ಇದ್ದಂತೆಯೇ ನಕಲು ಮಾಡತಕ್ಕದ್ದು. 2006ರಲ್ಲಿ ಬಂದ ಎ.ವಿ.ಸಿ.ಎಚ್.ಡಿ. ಮಾದರಿಯ ಕ್ಯಾಮರಾಗಳು ದೀರ್ಘವಾದ ಒಂದೇ ಚಿತ್ರಿಕೆಯನ್ನು ಅನೇಕ ತುಂಡುಗಳಾಗಿ ಒಡೆದು ಬರೆಯುತ್ತವೆ, ಏಕೆಂದರೆ ಹಳೆಯ ಫ್ಯಾಟ್ 32 ಪದ್ಧತಿಯ ಕಾರ್ಡಿನಲ್ಲಿ 4 ಗಿಗಾಬೈಟನ್ನು ಮೀರಿದ ಕಡತ ಹಿಡಿಯುವುದಿಲ್ಲ. ಆ ತುಂಡುಗಳು ಒಂದೇ ಎಂಬ ಮಾಹಿತಿ ಇರುವುದು ಪಕ್ಕದ ಸಣ್ಣ ಕಡತಗಳಲ್ಲಿ. ಅವನ್ನು ಕಸವೆಂದು ಬಿಟ್ಟು ಬಂದರೆ ತಂತ್ರಾಂಶ ತುಂಡುಗಳನ್ನು ಬೇರೆಬೇರೆಯಾಗಿ ಎಣಿಸಿ, ಕೀಲಿನಲ್ಲಿ ಭಾಗವತರ ದನಿ ಕ್ಷಣಮಾತ್ರ ಕಡಿಯುತ್ತದೆ.

ನಕಲು ಪೂರ್ಣವಾಯಿತೆಂದು ತಿಳಿಯಲು ಗಾತ್ರವನ್ನು ನೋಡುವುದು ಸಾಲದು. ಪ್ರತಿ ಕಡತದ ಎಲ್ಲ ಅಂಕಿಗಳನ್ನೂ ಒಂದು ಗಣಿತಕ್ರಮಕ್ಕೆ ಒಳಪಡಿಸಿ ಸಣ್ಣದೊಂದು ಮುದ್ರಾಸಂಖ್ಯೆಯನ್ನು ಪಡೆದು, ಮೂಲಕ್ಕೂ ನಕಲಿಗೂ ಅದು ಒಂದೇ ಆಗಿದೆಯೇ ಎಂದು ಹೋಲಿಸುವುದೇ ಪ್ರಮಾಣ. ವೃತ್ತಿಯಲ್ಲಿ ಇದಕ್ಕೆ 'ಚೆಕ್‌ಸಮ್' ಎನ್ನುತ್ತಾರೆ. 1992ರಲ್ಲಿ ಪ್ರಕಟವಾದ ಎಂ.ಡಿ.5 ಎಂಬ ಕ್ರಮದಲ್ಲಿ ಈ ಮುದ್ರೆ 32 ಅಕ್ಷರಾಂಕಗಳಷ್ಟು ಉದ್ದ. ಕಡತ ಎಷ್ಟೇ ದೊಡ್ಡದಿರಲಿ ಅದರಲ್ಲಿ ಒಂದೇ ಒಂದು ಬಿಟ್ಟು ಪಲ್ಲಟವಾದರೂ ಮುದ್ರೆ ಬೇರೆಯಾಗಿಬಿಡುತ್ತದೆ. ರಿಸಾಲ್ವ್‌ನ ಮೀಡಿಯ ಪುಟದಲ್ಲಿ ಹೀಗೆ ಪರೀಕ್ಷಿಸುತ್ತಲೇ ನಕಲು ಮಾಡುವ ಸೌಕರ್ಯವಿದೆ. ಗುಡುಗು ಮಿಂಚಿನ ದಿನಗಳಲ್ಲಿ ನಡುವೆ ವಿದ್ಯುತ್ತು ಹೋಗುವುದು ಇಲ್ಲಿನ ನಿತ್ಯಾನುಭವವಾದುದರಿಂದ, ಯು.ಪಿ.ಎಸ್. ಇಲ್ಲದೆ ಈ ಕಾರ್ಯಕ್ಕೆ ಕೈಹಾಕಬಾರದು. ಅರ್ಧಕ್ಕೆ ನಿಂತ ನಕಲಿನ ಕೊನೆಯ ಕಡತ ಹೆಸರಿನಲ್ಲಿ ಪೂರ್ಣವಾಗಿಯೂ ಒಡಲಿನಲ್ಲಿ ಅಪೂರ್ಣವಾಗಿಯೂ ಇರಬಹುದು. ಎರಡು ಡಿಸ್ಕುಗಳಲ್ಲಿ ಪರೀಕ್ಷಿತವಾದ ನಕಲು ಸಿದ್ಧವಾಗುವವರೆಗೆ ಕಾರ್ಡನ್ನು ಫಾರ್ಮ್ಯಾಟ್ ಮಾಡುವುದಿಲ್ಲವೆಂಬ ವ್ರತವನ್ನು ಸಂಕಲನಕಾರ ಕೈಗೊಳ್ಳಬೇಕು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ಪ್ರಸಿದ್ಧ ಸೂತ್ರ ಕರಾವಳಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಉಪ್ಪುಗಾಳಿ ಲೋಹದ ಸಂಪರ್ಕಬಿಂದುಗಳನ್ನು ಕಿಲುಬು ಹಿಡಿಸುತ್ತದೆ. ಆಷಾಢ ಶ್ರಾವಣಗಳ ತೇವ ಕ್ಯಾಸೆಟ್ಟಿನ ಪಟ್ಟಿಯ ಮೇಲೆ ಬಿಳಿಯ ಬೂಷ್ಟನ್ನು ಬೆಳೆಸುತ್ತದೆ. ಸಿಲಿಕಾ ಜೆಲ್ ಹಾಕಿ ಬಿಗಿಯಾಗಿ ಮುಚ್ಚಿದ ಡಬ್ಬಿಯೂ, ಘಟ್ಟದ ಮೇಲಿರುವ ನಂಟರ ಮನೆಯ ಒಂದು ಕಪಾಟೂ ಇಲ್ಲಿನ ಸಂಗ್ರಾಹಕನಿಗೆ ಉಪಕರಣಗಳೇ ಸರಿ.

ಹೆಸರಿಡುವುದು ಈ ಶಾಸ್ತ್ರದ ಹೃದಯ. ಕ್ಯಾಮರಾ ತಾನಾಗಿ ಕೊಡುವ ಹೆಸರು ಕಡತವನ್ನು ಗುರುತಿಸಲಾರದು. ಅನೇಕ ಸೋನಿ ಕ್ಯಾಮರಾಗಳು ಸಂಖ್ಯೆ ಮುಂದುವರಿಯುವಂತೆ ಹೊಂದಿಸದಿದ್ದಲ್ಲಿ ಪ್ರತಿ ಹೊಸ ಕಾರ್ಡಿನಲ್ಲಿಯೂ ಸಿ0001 ಎಂದೇ ಆರಂಭಿಸುತ್ತವೆ. ಮೂರು ಕ್ಯಾಮರಾಗಳಿಗೆ ನಾಲ್ಕು ನಾಲ್ಕು ಕಾರ್ಡಿದ್ದರೆ ಒಂದೇ ರಾತ್ರಿಯಲ್ಲಿ ಸಿ0001 ಎಂಬ ಹೆಸರಿನ ಹನ್ನೆರಡು ಕಡತಗಳು ಹುಟ್ಟಬಹುದು. ವಿಳಾಸ ತಪ್ಪಿದ ಪ್ರಾಜೆಕ್ಟಿಗೆ ಕಡತವನ್ನು ಮತ್ತೆ ಜೋಡಿಸುವಾಗ ತಂತ್ರಾಂಶ ಮುಖ್ಯವಾಗಿ ಹೆಸರನ್ನೇ ನೋಡುವುದರಿಂದ, ಒಂದು ಕಾರ್ಡಿನ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸಿದರೆ ಆಶ್ಚರ್ಯವಿಲ್ಲ. ಪರಿಹಾರ ಸುಲಭ, ಆದರೆ ಮಾಡಬೇಕಾದ ಸಮಯ ಒಂದೇ: ಕಾರ್ಡಿನ ನಕಲಾದ ಮೇಲೆ, ತಂತ್ರಾಂಶಕ್ಕೆ ತರುವ ಮೊದಲು. ದಿನಾಂಕ, ಸ್ಥಳ, ಪ್ರಸಂಗ, ಕ್ಯಾಮರಾ, ಕಾರ್ಡು, ಕೊನೆಗೆ ಕ್ಯಾಮರಾ ಕೊಟ್ಟ ಅಂಕಿ, ಈ ಕ್ರಮದಲ್ಲಿ '20250118-ಕೋಡಿ-ಭೀಷ್ಮವಿಜಯ-ಕ್ಯಾ1-ಕಾ02-0001' ಎಂದಿಟ್ಟರೆ ಆ ಹೆಸರು ಯಾವ ಯಂತ್ರದಲ್ಲಿ ತೆರೆದರೂ ತನ್ನ ಪರಿಚಯವನ್ನು ತಾನೇ ಹೇಳುತ್ತದೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ದಿನಾಂಕ ಬರೆಯಲು ಕಾರಣವೇನೆಂದರೆ, ಗಣಕದ ಅಕಾರಾದಿಯಲ್ಲಿ ಆಗ ಹಳೆಯದು ಮೇಲೆ, ಹೊಸದು ಕೆಳಗೆ ತಾನಾಗಿ ನಿಲ್ಲುತ್ತವೆ. ತುಂಡುಗಳಾಗಿ ಒಡೆದ ಎ.ವಿ.ಸಿ.ಎಚ್.ಡಿ. ಕಡತಗಳಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಒಳಗಿನ ಹೆಸರನ್ನು ಮುಟ್ಟದೆ, ಹೊರಗಿನ ಫೋಲ್ಡರಿಗೆ ಹೆಸರಿಟ್ಟರೆ ಸಾಕು.

ದಿನಾಂಕದ ವಿಷಯದಲ್ಲಿ ಆಟದ ದಾಖಲೆಗೆ ವಿಶಿಷ್ಟವಾದ ಒಂದು ತೊಡಕಿದೆ. ರಾತ್ರಿ ಒಂಬತ್ತಕ್ಕೆ ಆರಂಭವಾದ ಆಟದ ಒಡ್ಡೋಲಗ ಒಂದು ತಾರೀಖಿನದೂ, ನಡುರಾತ್ರಿಯ ತರುವಾಯದ ಯುದ್ಧ ಮರುತಾರೀಖಿನದೂ ಆಗಿ ಕ್ಯಾಮರಾದಲ್ಲಿ ದಾಖಲಾಗುತ್ತದೆ. ದಿನಾಂಕದ ಮೇಲೆ ತಾನಾಗಿ ಫೋಲ್ಡರು ಮಾಡುವ ತಂತ್ರಾಂಶ ಒಂದೇ ಪ್ರಸಂಗವನ್ನು ಎರಡು ದಿನಗಳಿಗೆ ಸೀಳಿ, ಉತ್ತರಾರ್ಧವನ್ನು ಮರುದಿನ ಬೇರೊಂದು ಊರಿನಲ್ಲಿ ನಡೆದ ಆಟದ ಪೂರ್ವಾರ್ಧದ ಜೊತೆ ಸೇರಿಸುತ್ತದೆ. ನಮ್ಮ ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯದವರೆಗಿನದು. ಆಟ ಹೊರಟ ಸಂಜೆಯ ತಾರೀಖನ್ನೇ ಇಡೀ ರಾತ್ರಿಗೆ ಕೊಡುವುದು ಯುಕ್ತ. ಇದಕ್ಕೆ ಮೊದಲು ಎಲ್ಲ ಕ್ಯಾಮರಾಗಳ ಗಡಿಯಾರವನ್ನೂ ಒಂದಾಗಿಸಿಕೊಂಡಿರಬೇಕು. ಗಲ್ಫಿನಿಂದ ರಜೆಗೆ ಬಂದ ನೆಂಟರ ಕ್ಯಾಮರಾದಲ್ಲಿ ಅಲ್ಲಿನ ಕಾಲವೇ ಉಳಿದಿದ್ದರೆ, ದೇಶಕ್ಕೆ ತಕ್ಕಂತೆ ಒಂದೂವರೆ ಅಥವಾ ಎರಡೂವರೆ ಗಂಟೆಯ ವ್ಯತ್ಯಾಸ ಬರುತ್ತದೆ. ಅನೇಕ ಮೊಬೈಲುಗಳು ಕಡತದೊಳಗೆ ಗ್ರೀನ್‌ವಿಚ್ ಕಾಲವನ್ನು ಬರೆಯುವುದರಿಂದ ಐದೂವರೆ ಗಂಟೆಯ ಅಂತರವೂ ಕಾಣಬಹುದು.

ಹೆಸರನ್ನು ಕನ್ನಡ ಲಿಪಿಯಲ್ಲಿ ಇಡಬಹುದೇ ಎಂಬ ಪ್ರಶ್ನೆಗೆ, ಇಡಬಹುದು, ಇಡುವುದು ಒಳ್ಳೆಯದೂ ಹೌದು ಎಂದೇ ಉತ್ತರ. ಪ್ರಸಂಗಗಳ, ಪದ್ಯಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಹೊರಟರೆ ಒಬ್ಬೊಬ್ಬನದು ಒಂದೊಂದು ಕಾಗುಣಿತವಾಗಿ ಹುಡುಕುವಾಗ ಕಡತ ಸಿಗದೆ ಹೋಗುತ್ತದೆ. ಆದರೆ ಯೂನಿಕೋಡಿನಲ್ಲಿಯೇ ಬರೆಯಬೇಕು, ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಫಾಂಟ್ ಆಧಾರಿತ ಕ್ರಮದಲ್ಲಿ ಬರೆದ ಹೆಸರು ಫೋಲ್ಡರಿನ ಪಟ್ಟಿಯಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಲಿನಕ್ಸಿನ ಸಾಮಾನ್ಯ ಪದ್ಧತಿಯಲ್ಲಿ ಹೆಸರಿನ ಮಿತಿ 255 ಬೈಟು, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು ಬೇಕಾಗುವುದರಿಂದ 85 ಸಂಕೇತಗಳಿಗೆ ಅದು ಮುಗಿಯುತ್ತದೆ. ಗುಣಿತ, ಒತ್ತುಗಳನ್ನು ಬಿಡಿಸಿ ಎಣಿಸಿದರೆ ಇದೇನೂ ದೊಡ್ಡ ಅವಕಾಶವಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. 'ಕೋ' ಎಂಬಲ್ಲಿನ ದೀರ್ಘಸ್ವರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿಸಂಕೇತಗಳಾಗಿಯೂ ಬರೆಯಬಹುದು. ಆಪಲ್ ಗಣಕಗಳ ಹಳೆಯ ಎಚ್.ಎಫ್.ಎಸ್. ಪ್ಲಸ್ ಪದ್ಧತಿ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ವಿಂಡೋಸ್ ಯಂತ್ರಕ್ಕೆ ಬಂದ 'ಕೋಡಿ'ಯೂ ಇಲ್ಲಿಯೇ ಬರೆದ 'ಕೋಡಿ'ಯೂ ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. ಎರಡು ಬಗೆಯ ಗಣಕಗಳ ನಡುವೆ ಕೆಲಸ ಓಡಾಡುವಲ್ಲಿ ಫೋಲ್ಡರಿಗೆ ಕನ್ನಡವನ್ನೂ ಕಡತಕ್ಕೆ ಬರಿಯ ಅಂಕಿಗಳನ್ನೂ ಬಳಸುವವರು ಈ ಕಾರಣದಿಂದಲೇ ಹಾಗೆ ಮಾಡುತ್ತಾರೆ.

ಕಡತಗಳು ತಂತ್ರಾಂಶದೊಳಕ್ಕೆ ಬಂದ ಮೇಲೆ ಬಿನ್‌ಗಳ ರಚನೆ. ಕ್ಯಾಮರಾಕ್ಕೊಂದು, ಶಬ್ದಕ್ಕೊಂದು, ಸ್ತಬ್ಧಚಿತ್ರಕ್ಕೊಂದು, ಸಂಗೀತಕ್ಕೊಂದು ಎಂದು ಮಾಧ್ಯಮದ ಜಾತಿಗನುಗುಣವಾಗಿ ವಿಂಗಡಿಸುವುದು ಎಲ್ಲೆಡೆಯ ಪದ್ಧತಿ. ಮದುವೆಗೆ ಅದು ಸಾಕು. ಯಕ್ಷಗಾನಕ್ಕೆ ಸಾಲದು. ಆಟಕ್ಕೆ ಅದರದೇ ಅಂಗರಚನೆಯಿದೆ: ಕೋಡಂಗಿ, ಬಾಲಗೋಪಾಲ, ಪೀಠಿಕಾ ಸ್ತ್ರೀವೇಷಗಳ ಪೂರ್ವರಂಗ, ಒಡ್ಡೋಲಗ, ಪ್ರಸಂಗದ ಪದ್ಯಗಳು, ಕೊನೆಗೆ ಮಂಗಳ. ಈ ಅಂಗಗಳ ಮೇಲೆ ಬಿನ್‌ಗಳನ್ನು ಕಟ್ಟಿ, ಒಂದೊಂದರೊಳಗೆ ಮೂರು ಕ್ಯಾಮರಾಗಳ ದೃಶ್ಯಗಳನ್ನೂ ಸೇರಿಸಿದರೆ, ಸಂಕಲನಕಾರನ ಮನಸ್ಸು ಯಂತ್ರದ ಕ್ರಮವನ್ನು ಬಿಟ್ಟು ಕಲೆಯ ಕ್ರಮದಲ್ಲಿ ನಡೆಯತೊಡಗುತ್ತದೆ. ಪದ್ಯಗಳನ್ನು ಗುರುತಿಸಲು ಮುದ್ರಿತ ಪ್ರಸಂಗ ಪುಸ್ತಕಕ್ಕಿಂತ ಮಿಗಿಲಾದ ಸಾಧನವಿಲ್ಲ. ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಭಾಗವತರು ಪದ್ಯ ಎತ್ತಿಕೊಂಡ ಕ್ಷಣದಲ್ಲಿ ದೃಶ್ಯದ ಮೇಲೆ ಮಾರ್ಕರ್ ಹಾಕಿ, ಪದ್ಯದ ಮೊದಲೆರಡು ಮಾತುಗಳನ್ನೂ ತಾಳವನ್ನೂ ಅದರಲ್ಲಿ ಬರೆದರೆ, ಬಿಟ್ಟ ಪದ್ಯ ಯಾವುದು, ಹಿಂದುಮುಂದಾದದ್ದು ಯಾವುದು, ಅರ್ಥ ಎಲ್ಲಿ ಬೆಳೆಯಿತು ಎಂಬುದೆಲ್ಲವೂ ಒಂದೇ ನೋಟಕ್ಕೆ ಕಾಣುತ್ತದೆ.

ಇದರ ಜೊತೆಗೆ ಕೀವರ್ಡುಗಳನ್ನು ಕೊಡುವ ಸೌಕರ್ಯ ಈಗ ಎಲ್ಲ ತಂತ್ರಾಂಶಗಳಲ್ಲಿಯೂ ಒಂದಲ್ಲ ಒಂದು ರೂಪದಲ್ಲಿದೆ. ಒಂದೇ ದೃಶ್ಯ 'ಮುಂಡಾಸು ವೇಷ', 'ಅಷ್ಟತಾಳ', 'ಯುದ್ಧ' ಎಂಬ ಮೂರು ಗುರುತುಗಳಡಿಯಲ್ಲಿಯೂ, ನಕಲಾಗದೆಯೇ, ಸಿಕ್ಕುವಂತೆ ಮಾಡಬಹುದು. ಹತ್ತು ವರ್ಷಗಳ ಆಟಗಳಿಂದ ಕೇದಗೆ ಮುಂದಲೆ ವೇಷದ ಒಡ್ಡೋಲಗಗಳನ್ನೆಲ್ಲ ಒಟ್ಟಿಗೆ ನೋಡಬೇಕೆಂದು ಬಯಸುವ ಅಭ್ಯಾಸಿಗೆ ಇದು ವರಪ್ರಾಯವಾದುದು. ಈ ಗುರುತುಗಳನ್ನು ಯಂತ್ರ ತಾನಾಗಿ ಕೊಡಲಾರದು, ಯಕ್ಷಗಾನ ತಿಳಿಯದ ಕೂಲಿಯವನೂ ಕೊಡಲಾರನು. ಕಲೆಯ ಜ್ಞಾನ ಕಡತದ ಹೆಸರಿನೊಳಕ್ಕೆ ಇಳಿಯಬೇಕಾದದ್ದೇ ಇಲ್ಲಿನ ಮುಖ್ಯ ವಿಷಯವೆಂದು ಈ ಲೇಖಕನ ದೃಢವಾದ ಅಭಿಪ್ರಾಯ.

ಶಬ್ದವನ್ನು ಪ್ರತ್ಯೇಕ ಯಂತ್ರದಲ್ಲಿ ಮುದ್ರಿಸಿದ್ದರೆ ದೃಶ್ಯದೊಡನೆ ಅದನ್ನು ಸರಿಹೊಂದಿಸುವುದು ಈ ಘಟ್ಟದ ಇನ್ನೊಂದು ಕಾರ್ಯ. ಕ್ಲಾಪ್ ಹಲಗೆಯಿಲ್ಲದ ಕೊರತೆಯನ್ನು ಚಂಡೆ ತುಂಬಿಕೊಡುತ್ತದೆ: ಚಂಡೆಯ ಮೊದಲ ಪೆಟ್ಟು ಶಬ್ದರೇಖೆಯ ಮೇಲೆ ಸೂಜಿಯಂತೆ ಮೇಲೆದ್ದು ಕಾಣುವುದರಿಂದ ತಂತ್ರಾಂಶದ ಸ್ವಯಂಚಾಲಿತ ಹೊಂದಾಣಿಕೆಗೂ, ಕೈಯಿಂದ ಹೊಂದಿಸುವವನಿಗೂ ಅದಕ್ಕಿಂತ ಉತ್ತಮವಾದ ಗುರುತು ಬೇಕಿಲ್ಲ. ಆದರೆ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಚಲಿಸುತ್ತದೆ. ರಂಗಸ್ಥಳದಿಂದ 34 ಮೀಟರು ಹಿಂದೆ ಇಟ್ಟ ಕ್ಯಾಮರಾದ ಮೈಕಿಗೆ ಪೆಟ್ಟು ಒಂದು ಸೆಕೆಂಡಿನ ಹತ್ತನೆಯ ಒಂದಂಶ ತಡವಾಗಿ ಮುಟ್ಟುತ್ತದೆ, ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಅದು ಎರಡೂವರೆ ಫ್ರೇಮು. ಶಬ್ದಕ್ಕೆ ಶಬ್ದ ಹೊಂದಿಸಿ ಅಲ್ಲಿಗೇ ಬಿಟ್ಟರೆ ಕೋಲು ಚಂಡೆಗೆ ತಾಗಿದ ಚಿತ್ರ ಪೆಟ್ಟಿಗಿಂತ ಮೊದಲೇ ಬಂದು, ಕುಣಿತದ ಹೆಜ್ಜೆ ತಾಳಕ್ಕೆ ಮುಂದಾದಂತೆ ತೋರುತ್ತದೆ. ಹಿಂದಿನ ಕ್ಯಾಮರಾವನ್ನು ಕಣ್ಣಿನಿಂದ ನೋಡಿ ಎರಡು ಮೂರು ಫ್ರೇಮು ಸರಿಸಬೇಕು. ದೀರ್ಘ ಮುದ್ರಣದಲ್ಲಿ ಎರಡು ಯಂತ್ರಗಳ ಗಡಿಯಾರಗಳು ದಶಲಕ್ಷಕ್ಕೆ ಹತ್ತರಷ್ಟು ಬೇರೆಯಾದರೂ ಎಂಟು ಗಂಟೆಗೆ 0.288 ಸೆಕೆಂಡು, ಅಂದರೆ ಏಳು ಫ್ರೇಮುಗಳಷ್ಟು, ವ್ಯತ್ಯಾಸವಾಗುತ್ತದೆ. ಸಂಜೆ ಹೊಂದಿಸಿದ್ದು ಬೆಳಗಿನ ಜಾವಕ್ಕೆ ಹೊಂದಲಾರದು. ಅಂಗಕ್ಕೊಮ್ಮೆ ಹೊಸದಾಗಿ ಹೊಂದಿಸತಕ್ಕದ್ದು. 48,000 ಹರ್ಟ್ಸಿನ, 24 ಬಿಟ್ಟಿನ ಎರಡು ಕಾಲುವೆಯ ವೇವ್ ಕಡತ ನಾಲ್ಕು ಗಂಟೆ ದಾಟುತ್ತಲೇ ಆ ಮಾದರಿಯ 4 ಗಿಗಾಬೈಟಿನ ಎಲ್ಲೆಯನ್ನು ಮುಟ್ಟಿ ಎರಡಾಗಿ ಒಡೆಯುವುದನ್ನೂ ಮರೆಯಬಾರದು. ಮೊಬೈಲಿನ ದೃಶ್ಯದಲ್ಲಿ ಫ್ರೇಮಿನ ವೇಗವೇ ಏರಿಳಿಯುವುದರಿಂದ, ಅದನ್ನು ಸ್ಥಿರವೇಗಕ್ಕೆ ಪರಿವರ್ತಿಸಿಕೊಂಡು ಆಮೇಲೆ ಇಂಪೋರ್ಟ್ ಮಾಡುವುದು ಕ್ಷೇಮ.

ಸಾಧಾರಣ ಗಣಕದಲ್ಲಿ ಮೂರು ಸಾಲು 4ಕೆ ದೃಶ್ಯವನ್ನು ಏಕಕಾಲಕ್ಕೆ ಓಡಿಸುವುದು ಕಷ್ಟ, ಎಚ್.265 ಮಾದರಿಯಲ್ಲಿ ಒಂದು ಫ್ರೇಮನ್ನು ತೋರಿಸಲು ಅದರ ಹಿಂದುಮುಂದಿನ ಫ್ರೇಮುಗಳನ್ನೂ ಬಿಡಿಸಬೇಕಾಗುವುದರಿಂದ ಇನ್ನೂ ಕಷ್ಟ. ಇದಕ್ಕಾಗಿ ಕಡಿಮೆ ಗಾತ್ರದ ಪ್ರತಿರೂಪಗಳನ್ನು, ಅಂದರೆ 'ಪ್ರಾಕ್ಸಿ'ಗಳನ್ನು, ತಯಾರಿಸಿಕೊಳ್ಳುತ್ತಾರೆ. ಸೆಕೆಂಡಿಗೆ 10 ಮೆಗಾಬಿಟ್ಟಿನ ಪ್ರಾಕ್ಸಿ ಗಂಟೆಗೆ 4.5 ಗಿಗಾಬೈಟು, ಇಡೀ ರಾತ್ರಿಯ ಮೂರು ಕ್ಯಾಮರಾ 108 ಗಿಗಾಬೈಟಿಗೆ ಇಳಿದು ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಹಿಡಿಯುತ್ತದೆ. ಪ್ರಾಕ್ಸಿಯ ಹೆಸರು ಮೂಲದ ಹೆಸರಿಗೆ ಹೊಂದಿಕೊಂಡಿರಬೇಕು, ಫ್ರೇಮಿನ ವೇಗವೂ ಶಬ್ದದ ಕಾಲುವೆಗಳೂ ಮೂಲದಷ್ಟೇ ಇರಬೇಕು.

ಹಳೆಯ ಕ್ಯಾಸೆಟ್ಟುಗಳನ್ನು ತರುವುದು ಬೇರೆಯೇ ಒಂದು ತಾಳ್ಮೆಯ ಕೆಲಸ. ಕ್ಯಾಸೆಟ್ಟು ಓಡಿದಷ್ಟು ಹೊತ್ತೂ ಕುಳಿತಿರಬೇಕು, ಮೂರು ಗಂಟೆಯದಕ್ಕೆ ಮೂರು ಗಂಟೆಯೇ. ಮಿನಿ ಡಿ.ವಿ.ಯಲ್ಲಿ ಪ್ರತಿ ಫ್ರೇಮಿಗೂ ಕಾಲಸಂಕೇತವಿದ್ದು, ಚಿತ್ರೀಕರಣದ ನಡುವೆ ಖಾಲಿ ಬಿಟ್ಟ ಕಡೆ ಅದು ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ; ವಿ.ಎಚ್.ಎಸ್.ನಲ್ಲಿ ಸಾಮಾನ್ಯವಾಗಿ ಅದೂ ಇಲ್ಲ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಶುಚಿಗೊಳಿಸದೆ ಯಂತ್ರಕ್ಕೆ ಹಾಕಿದರೆ ಅದರ ತಲೆಗೆ ಅಂಟಿದ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಪೆಟ್ಟಿಗೆಯ ಬೆನ್ನಿನ ಮೇಲೆ ಯಾರೋ ಬಾಲ್ ಪೆನ್ನಿನಲ್ಲಿ ಬರೆದ ಪ್ರಸಂಗದ ಹೆಸರು, ಸೇವಾಕರ್ತರ ಮನೆಯ ಹೆಸರು, ತಾರೀಖು, ಇವುಗಳ ಛಾಯಾಚಿತ್ರ ತೆಗೆದು ದೃಶ್ಯದ ಫೋಲ್ಡರಿನಲ್ಲಿಯೇ ಇರಿಸಬೇಕು. ಬಹಳ ಕಡೆ ಆ ರಾತ್ರಿಯ ಬಗ್ಗೆ ಉಳಿದಿರುವ ಲಿಖಿತ ಸಾಕ್ಷ್ಯ ಅದೊಂದೇ.

ಕೋಲ, ನಾಗದರ್ಶನ ಮೊದಲಾದ ಆರಾಧನೆಗಳ ದಾಖಲೆಯಲ್ಲಿ ಮನೆಯವರೂ ಪಾತ್ರಿಗಳೂ ಹೊರಗೆ ತೋರಬಾರದೆಂದು ಹೇಳುವ ಭಾಗಗಳಿರುತ್ತವೆ. ಅವನ್ನು ಮೊದಲ ದಿನವೇ 'ಪ್ರಕಟಣೆಗಲ್ಲ' ಎಂಬ ಬಿನ್ನಿಗೂ ಫೋಲ್ಡರಿಗೂ ಬೇರ್ಪಡಿಸಬೇಕು. ಮಾತಿನಲ್ಲಿ ಕೊಟ್ಟ ಭರವಸೆ ಸಂಕಲನಕಾರ ಬದಲಾದೊಡನೆ ಮರೆತುಹೋಗುತ್ತದೆ, ಫೋಲ್ಡರಿನ ಹೆಸರು ಮರೆಯುವುದಿಲ್ಲ.

ಕಾರ್ಯ ಮುಗಿದು ಪ್ರಾಜೆಕ್ಟನ್ನು ಸಂಗ್ರಹಕ್ಕೆ ಸೇರಿಸುವಾಗ ತಂತ್ರಾಂಶಗಳ ಆಯುಸ್ಸು ಕಡತಗಳ ಆಯುಸ್ಸಿಗಿಂತ ಚಿಕ್ಕದೆಂಬುದನ್ನು ಗಮನಿಸಬೇಕು. 2011ರಲ್ಲಿ ಫೈನಲ್ ಕಟ್‌ನ ಹೊಸ ಆವೃತ್ತಿ ಬಂದಾಗ ಹಿಂದಿನ ಏಳನೆಯ ಆವೃತ್ತಿಯ ಪ್ರಾಜೆಕ್ಟುಗಳನ್ನು ಅದು ತೆರೆಯಲಿಲ್ಲ. ವರ್ಷಗಟ್ಟಲೆ ಕಟ್ಟಿದ ಬಿನ್‌ಗಳೂ ಗುರುತುಗಳೂ ಹಳೆಯ ಯಂತ್ರದಲ್ಲಿಯೇ ಉಳಿದುವು. ಆದುದರಿಂದ ಮೂಲಕಡತ, ಮುದ್ರಾಸಂಖ್ಯೆಗಳ ಪಟ್ಟಿ, ಪ್ರಾಜೆಕ್ಟು, ಸಿದ್ಧಚಿತ್ರ ಇವುಗಳ ಜೊತೆಗೆ ಯಾವ ಗಣಕದಲ್ಲಿಯೂ ತೆರೆಯುವ ಸರಳ ಪಠ್ಯಕಡತವೊಂದನ್ನು ಇರಿಸಿ, ಅದರಲ್ಲಿ ಮೇಳ, ಪ್ರಸಂಗ, ಸ್ಥಳ, ಹಿಮ್ಮೇಳ ಮುಮ್ಮೇಳಗಳ ಕಲಾವಿದರು, ಯಾವ ಪದ್ಯ ಎಷ್ಟನೆಯ ಗಂಟೆ ನಿಮಿಷದಲ್ಲಿ ಬರುತ್ತದೆಂಬ ಪಟ್ಟಿ, ಯಾವ ಭಾಗವನ್ನು ಯಾರ ಅನುಮತಿಯಿಲ್ಲದೆ ತೋರಿಸಕೂಡದೆಂಬ ಸೂಚನೆ, ಇಷ್ಟನ್ನೂ ಕನ್ನಡದಲ್ಲಿ ಬರೆದಿಡತಕ್ಕದ್ದು. ಪ್ರಾಕ್ಸಿಗಳನ್ನೂ ತಾತ್ಕಾಲಿಕ ಕಡತಗಳನ್ನೂ ಅಳಿಸಬಹುದು, ಅವು ಮತ್ತೆ ಹುಟ್ಟುತ್ತವೆ. ಡಿಸ್ಕನ್ನು ವರ್ಷಕ್ಕೊಮ್ಮೆ, ಮಳೆ ಹಿಡಿಯುವುದಕ್ಕೆ ಮೊದಲು ಮೇಳಗಳ ತಿರುಗಾಟ ಮುಗಿದ ಬಿಡುವಿನಲ್ಲಿ, ಯಂತ್ರಕ್ಕೆ ಜೋಡಿಸಿ ಮುದ್ರಾಸಂಖ್ಯೆಗಳನ್ನು ಮರುಪರೀಕ್ಷಿಸಿ, ಬೇರೆಯಾದುದು ಕಂಡಲ್ಲಿ ಇನ್ನೊಂದು ಊರಿನ ಪ್ರತಿಯಿಂದ ಆ ಕಡತವನ್ನು ತಂದು ಸರಿಪಡಿಸಬೇಕು.